ಹನ್ನೆರಡು ಬಲಗಾಲುಗಳು

ಬೂದಿ ಬುಧವಾರ ಕಳೆಯಿತೆಂದರೆ ಭದ್ರಾವತಿಯ ಜನ್ನಾಪುರದಲ್ಲಿ ಕೆಲವರು ಚೌರಪ್ಪನ ಸೈಕಲ್ಲು ಕಂಡ ಕೂಡಲೇ ಅಡ್ಡರಸ್ತೆ ಹಿಡಿಯುತ್ತಿದ್ದರು. ಚೌರಪ್ಪ ಚಂದಾ ಎತ್ತುವವನಲ್ಲ, ಚುನಾವಣೆಗೆ ನಿಂತವನೂ ಅಲ್ಲ. ಅವನು ಕೇಳುತ್ತಿದ್ದದ್ದು ಕಾಲು.

ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ಪವಿತ್ರ ಗುರುವಾರದ ಸಂಜೆ, ಯೇಸು ಸ್ವಾಮಿ ತನ್ನ ಹನ್ನೆರಡು ಶಿಷ್ಯರ ಪಾದ ತೊಳೆದ ನೆನಪಿಗೆ, ಚರ್ಚಿನಲ್ಲಿ ಫಾದರ್ ಊರಿನ ಹನ್ನೆರಡು ಜನರನ್ನು ಪೀಠದ ಮುಂದೆ ಕೂರಿಸಿ ಅವರ ಬಲಗಾಲು ತೊಳೆಯುತ್ತಾರೆ. ಆ ಹನ್ನೆರಡು ಜನರನ್ನು ಹುಡುಕಿ, ಒಪ್ಪಿಸಿ, ಹೊತ್ತಿಗೆ ಸರಿಯಾಗಿ ಕುರ್ಚಿಗೆ ತಂದು ಕೂರಿಸುವ ಕೆಲಸ ಬಹಳ ವರ್ಷಗಳಿಂದ ಚೌರಪ್ಪನದು. ಯಾರೂ ಅವನಿಗೆ ಅದನ್ನು ವಹಿಸಿರಲಿಲ್ಲ. ಒಂದು ವರ್ಷ ಏಳೇ ಜನ ಬಂದು ಉಳಿದ ಕುರ್ಚಿಗಳು ಖಾಲಿ ಬಿದ್ದದ್ದನ್ನು ನೋಡಿ ಸಿಟ್ಟು ಬಂದು ತಾನೇ ಹೆಗಲಿಗೆ ಹಾಕಿಕೊಂಡಿದ್ದ. ಎದುರುಮನೆಯ ಧರ್ಮಪ್ಪ, ಕಾರ್ಖಾನೆಯಲ್ಲಿ ಅವನ ಜೊತೆಗೇ ಕೆಲಸ ಮಾಡಿದವನು, ಅವನಿಗೆ 'ಶಿಷ್ಯರ ಮೇಸ್ತ್ರಿ' ಎಂದು ಹೆಸರಿಟ್ಟಿದ್ದ.

ಈ ವರ್ಷ ಯಾರೂ ಅಡ್ಡರಸ್ತೆ ಹಿಡಿಯಬೇಕಾಗಿಲ್ಲ. ಚೌರಪ್ಪ ಕಳೆದ ನವೆಂಬರಿನಲ್ಲಿ ತೀರಿಕೊಂಡ. ಅವನ ಲೆಕ್ಕದಲ್ಲೇ ಹೇಳುವುದಾದರೆ, ಸಾಧಾರಣ ಕಾಲ ಮುಗಿಯುತ್ತ ಬಂದು ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ ಇನ್ನೂ ಶುರುವಾಗಿರದ ವಾರ. ಪೀಠದ ಹಸಿರು ಬಟ್ಟೆ ತೆಗೆದು ನೇರಳೆ ಬಟ್ಟೆ ಹಾಸುವುದನ್ನು ನೋಡಲಿಕ್ಕೆ ಅವನಿಗೆ ಆಗಲಿಲ್ಲ.

ತಾರೀಕು ಅವನಿಗೆ ಕಾರ್ಖಾನೆಯ ಹಾಜರಿಗೆ ಮಾತ್ರ ಬೇಕಿತ್ತು. ಉಳಿದದ್ದಕ್ಕೆಲ್ಲ ಚರ್ಚಿನ ವರ್ಷವೇ ಗಡಿಯಾರ. ಮಗಳು ಶೀಲಾ ಹುಟ್ಟಿದ್ದು ಯಾವಾಗ ಎಂದು ಶಾಲೆಗೆ ಸೇರಿಸುವಾಗ ಕೇಳಿದರೆ "ಆರೋಗ್ಯ ಮಾತೆ ಹಬ್ಬದ ಮಾರನೇ ದಿನ" ಅಂದಿದ್ದ. ಮನೆಗೆ ಸುಣ್ಣ ಹೊಡೆಸುವುದು ಬೂದಿ ಬುಧವಾರದಿಂದ ಪಾಸ್ಕದವರೆಗಿನ ತಪಸ್ಸು ಕಾಲ ಶುರುವಾಗುವ ಮುಂಚೆ. ಸಕಲ ಆತ್ಮಗಳ ದಿನಕ್ಕೆ ಒಂದು ವಾರ ಇರುವಾಗ ಸಮಾಧಿಗಳ ಸುತ್ತ ಹುಲ್ಲು ಕೀಳುವುದು. "ನಿಮ್ಮ ಕ್ಯಾಲೆಂಡರಲ್ಲಿ ಬರೀ ಬಣ್ಣ ಇದಾವೆ, ತಾರೀಖೇ ಇಲ್ವಲ್ಲೋ ಮಾರಾಯ" ಎಂದು ಧರ್ಮಪ್ಪ ಆಡಿಕೊಳ್ಳುತ್ತಿದ್ದ. "ನಿನ್ನ ಕ್ಯಾಲೆಂಡರಲ್ಲಿ ಬರೀ ಅಮಾವಾಸ್ಯೆ" ಎಂದು ಚೌರಪ್ಪ ತಿರುಗಿಸುತ್ತಿದ್ದ.

ಅವನ ಅಜ್ಜ ಉಕ್ಕಿನ ಕಾರ್ಖಾನೆ ಕಟ್ಟುವ ಕಾಲಕ್ಕೆ ತಮಿಳು ಸೀಮೆಯಿಂದ ಬಂದವನು. ಅಪ್ಪನ ಕಾಲಕ್ಕೆ ಮನೆಯ ಮಾತು ಅರ್ಧ ತಮಿಳು, ಅರ್ಧ ಕನ್ನಡ. ಚೌರಪ್ಪನ ಕಾಲಕ್ಕೆ ಬೈಗುಳ ಮಾತ್ರ ತಮಿಳಿನಲ್ಲಿ ಉಳಿದು ಪ್ರಾರ್ಥನೆಯೆಲ್ಲ ಕನ್ನಡವಾಗಿತ್ತು. ಎರಕದ ವಿಭಾಗದಲ್ಲಿ ಮೂರು ಪಾಳಿ ದುಡಿದ. ಪಾಳಿಗೆ ನಡೆದುಹೋಗುವಾಗ ಜೇಬಿನೊಳಗೇ ಜಪಸರದ ಮಣಿ ಎಣಿಸುತ್ತಿದ್ದ. ಗೇಟು ಬರುವ ಹೊತ್ತಿಗೆ 'ರಹಸ್ಯ' ಎನ್ನುವ ಐದು ಸುತ್ತುಗಳೂ ಮುಗಿದಿರುತ್ತಿದ್ದವು. ಹೊರಡುವುದು ತಡವಾದ ದಿನ ಓಡುತ್ತ ಮುಗಿಸುತ್ತಿದ್ದ. ದೇವರ ಮುಂದೆ ಅಳುವವನಲ್ಲ, ಗೋಗರೆಯುವವನೂ ಅಲ್ಲ. ಕೆಲಸ ಗೊತ್ತಿರುವ ಯಜಮಾನನ ಹತ್ತಿರ ಮಾತಾಡುವ ಹಾಗೆ ಪ್ರಾರ್ಥಿಸುತ್ತಿದ್ದ: ಹೇಳುವುದನ್ನು ಒಂದು ಸಲ ಹೇಳುವುದು, ಆಮೇಲೆ ತನ್ನ ಕೆಲಸ ನೋಡುವುದು.

ಆದರೆ ಈ ಕಾಲು ಕೇಳುವ ಕೆಲಸದಲ್ಲಿ ಒಂದು ಸಲ ಹೇಳಿದರೆ ಸಾಲುತ್ತಿರಲಿಲ್ಲ. ಜನ ಮೊದಲ ಮಾತಿಗೇ ಕಾಲು ಹಿಂದಕ್ಕೆಳೆಯುತ್ತಿದ್ದರು. ಹಿಮ್ಮಡಿ ಒಡೆದಿದೆ ಅನ್ನುವವರು, ಉಗುರು ಸತ್ತಿದೆ ಅನ್ನುವವರು. ವಯಸ್ಸಾದವರ ತಕರಾರು ಬೇರೆಯೇ. "ಸ್ವಾಮಿಗಳ ಕಾಲಿಗೆ ನಾವು ಬೀಳ್ಬೇಕಪ್ಪ. ಅವರು ಬಂದು ನಮ್ಮ ಕಾಲು ಹಿಡಿಯೋದು ಅಂದ್ರೆ ಏನು? ಪಾಪ ಸುತ್ಕಳಲ್ವಾ?"

"ಶಿಷ್ಯ ಪೇತ್ರನೂ ಹಿಂಗೇ ತಕರಾರು ಮಾಡಿದ್ದು. ಅವನ ಮಾತು ಯೇಸು ಸ್ವಾಮಿ ಕೇಳ್ಲಿಲ್ಲ, ನಿಮ್ಮ ಮಾತು ನಾನು ಕೇಳಲ್ಲ. ಗುರುವಾರ ಸಂಜೆ ಬಂದ್ಬಿಡಿ" ಅನ್ನುತ್ತಿದ್ದ ಚೌರಪ್ಪ.

ಒಪ್ಪಿದವರದ್ದು ಮತ್ತೊಂದು ಕಾಟ. ಫಾದರ್ ಕಾಲು ಮುಟ್ಟುತ್ತಾರಲ್ಲ ಎಂದು ಮಧ್ಯಾಹ್ನದಿಂದಲೇ ಕಲ್ಲು ಹಾಕಿ ಉಜ್ಜಿ, ಕೊಬ್ಬರಿ ಎಣ್ಣೆ ಸವರಿಕೊಂಡು ಬರುತ್ತಿದ್ದರು. ಒಬ್ಬ ಪೌಡರನ್ನೂ ಹಾಕಿಕೊಂಡು ಬಂದಿದ್ದ. ನೀರು ಬಿದ್ದ ಮೇಲೆ ಅದು ದೋಸೆ ಹಿಟ್ಟಿನ ಹಾಗೆ ಬೇಸಿನ್ನಿಗೆ ಇಳಿಯಿತು. "ಮನೇಲಿ ಉಂಡು ಕೈ ತೊಳ್ಕೊಂಡು ಹೋಟ್ಲಿಗೆ ಊಟಕ್ಕೆ ಹೋಗ್ತೀರೇನ್ರಿ?" ಎಂದು ಚೌರಪ್ಪ ರೇಗಿದ್ದ. ಇನ್ನೊಂದು ವರ್ಷ ರಾಯಪ್ಪ, ಪೇಪರ್ ಮಿಲ್ಲಿನಿಂದ ನಿವೃತ್ತನಾಗಿದ್ದ ಭಾರೀ ಭಕ್ತಿಯ ಮನುಷ್ಯ, ಫಾದರ್ ತನ್ನ ಕಾಲಿಗೆ ಬಾಗಿದ್ದನ್ನು ಸಹಿಸಲಾಗದೆ ತಾನೂ ಅವರ ಪಾದ ಮುಟ್ಟಲು ಬಗ್ಗಿದ. ಇಬ್ಬರ ತಲೆಯೂ ಟಣ್ಣೆಂದು ಬಡಿದು, ಪಾಪ, ಫಾದರ್ ಹಣೆ ಪಾಸ್ಕ ಹಬ್ಬದ ದಿನವೂ ಊದಿಕೊಂಡೇ ಇತ್ತು. ಅಲ್ಲಿಂದ ಮುಂದೆ ಚೌರಪ್ಪ ಹನ್ನೆರಡು ಜನರನ್ನೂ ಮೊದಲೇ ನಿಲ್ಲಿಸಿಕೊಂಡು ಪಾಠ ಹೇಳತೊಡಗಿದ. "ಕುರ್ಚಿ ಕೈ ಎರಡೂ ಗಟ್ಟಿಯಾಗಿ ಹಿಡ್ಕಳಿ. ಬಸ್ ಬ್ರೇಕ್ ಹಾಕ್ದಾಗ ಹಿಡ್ಕಳಲ್ವಾ, ಹಂಗೆ. ಯಾರೂ ಬಗ್ಗಂಗಿಲ್ಲ."

ಈ ಕೆಲಸ ಮಾಡುತ್ತ ಮಾಡುತ್ತ ಅವನಿಗೆ ಒಂದು ವಿಷಯ ಹೊಳೆದಿತ್ತು. ಅದನ್ನು ಕಂಡಕಂಡವರಿಗೆ ಹೇಳುತ್ತಿದ್ದ. "ಬೂದಿ ಹಚ್ಚಿಸ್ಕಳೋಕೆ ಹಣೆ ಎಲ್ರೂ ಕೊಡ್ತಾರೆ. ಸಾಲು ನಿಂತು ಕೊಡ್ತಾರೆ. ಅದೇ ತಪಸ್ಸು ಕಾಲದ ಕೊನೇಲಿ ಕಾಲು ಕೊಡ್ರಪ್ಪ ಅಂದ್ರೆ ಒಬ್ಬನೂ ಇಲ್ಲ. ಹಣೆ ಕೊಡೋದು ಸುಲಭ. ಕಾಲು ಕೊಡೋಕೆ ಮನಸ್ಸು ಬೇಕು."

ಹಾಗಾದರೆ ನೀನು ಯಾವತ್ತು ಕೊಟ್ಟೆ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು. "ಮೇಸ್ತ್ರಿ ಗಾರೆ ಬಾಂಡ್ಲಿ ಹೊರ್ತಾನೇನ್ರಿ?"

ಕಳೆದ ವರ್ಷ ತಪಸ್ಸು ಕಾಲದ ಮೊದಲನೇ ಭಾನುವಾರ ಪೂಜೆ ಮುಗಿದ ಮೇಲೆ, ಹೊಸದಾಗಿ ಬಂದಿದ್ದ ಫಾದರ್ ಎಡ್ವಿನ್ ಅವನನ್ನು ಚರ್ಚಿನ ಜಗಲಿಯಲ್ಲಿ ನಿಲ್ಲಿಸಿ ಕೇಳಿದರು. "ಚೌರಪ್ಪನವ್ರೇ, ನಮ್ಮಲ್ಲಿ ಪಾದ ತೊಳೆಯೋದಕ್ಕೆ ಹೆಂಗಸರು ಯಾಕೆ ಕೂರಲ್ಲ? ಕೂರಬಹುದು ಅಂತ ರೋಮಿನಿಂದ ಅಪ್ಪಣೆ ಬಂದು ವರ್ಷಗಳೇ ಆಯ್ತಲ್ಲ."

"ಯಾರೂ ಕೇಳ್ಲಿಲ್ಲ ಫಾದರ್."

"ನಾನು ಕೇಳ್ತಿದೀನಿ. ಹೆಂಗಸರು ಬರೋದೇ ಇಲ್ಲ, ಕುರ್ಚಿ ಖಾಲಿ ಬೀಳುತ್ತೆ ಅಂತ ಕಮಿಟಿಯವರು ಹೇಳ್ತಾರೆ. ಹನ್ನೆರಡು ಕುರ್ಚಿ ತುಂಬ್ಲಿಲ್ಲ ಅಂದ್ರೆ ಮುಂದಿನ ವರ್ಷ ಈ ಮಾತು ಎತ್ತೋಕೂ ನನಗೆ ಬಾಯಿರಲ್ಲ."

"ಆರು ಗಂಡಸರು, ಆರು ಹೆಂಗಸರು. ಸಾಕಾ?" ಎಂದ ಚೌರಪ್ಪ. "ಸಾಲಲ್ಲ ಅಂದ್ರೆ ಹನ್ನೆರಡೂ ಹೆಂಗಸರನ್ನೇ ತರ್ತೀನಿ."

"ಆರು ಸಾಕು" ಎಂದು ಫಾದರ್ ನಕ್ಕರು. ಪಕ್ಕದಲ್ಲಿದ್ದ ಕಮಿಟಿಯವರೂ ನಕ್ಕರು, ಆದರೆ ಅದು ಬೇರೆ ನಗು. ಚೌರಪ್ಪನಿಗೆ ಅದು ಕೇಳಿಸಿತು. ಈ ಸಲ ಒಂದು ಕುರ್ಚಿ ಖಾಲಿ ಉಳಿದರೆ ಹೆಂಗಸರ ಮಾತು ಅಲ್ಲಿಗೇ ಮುಗಿಯುತ್ತದೆ, ಜೊತೆಗೆ ತನ್ನ ಮಾತೂ ಹೋಗುತ್ತದೆ ಎಂದು ಅವನಿಗೆ ಆಗಲೇ ಗೊತ್ತಾಯಿತು.

ಗಂಡಸರ ಕಾಲು ಕೇಳಿ ಪಳಗಿದವನಿಗೆ ಹೆಂಗಸರ ಕಾಲು ಕೇಳಲು ಹೊರಟಾಗ ನಾಲಿಗೆಯೇ ಹೊರಳಲಿಲ್ಲ. ಒಂದು ಮನೆಯಲ್ಲಿ ಬಾಗಿಲು ತೆರೆದವಳ ಗಂಡ "ಏನ್ ಕೇಳೋಕೆ ಬಂದಿದೀಯ ಅಂತ ಇನ್ನೊಂದ್ಸಲ ಹೇಳು" ಎಂದು ಎದ್ದು ನಿಂತ. ಇನ್ನೊಂದು ಮನೆಯಲ್ಲಿ ಅತ್ತೆ ಕೂತರೆ ಸೊಸೆ ಕೂರುವುದಿಲ್ಲ, ಸೊಸೆ ಕೂತರೆ ಅತ್ತೆ ಚರ್ಚಿಗೇ ಬರುವುದಿಲ್ಲ. ಎಲ್ಲರೆದುರು ಸೀರೆ ಎತ್ತಿ ಪಾದ ತೋರಿಸುವುದು ಹೇಗೆ ಎಂದು ಮತ್ತೊಂದು ಮನೆಯಲ್ಲಿ ಕೇಳಿದರು. ಬೆರಳು ಕಾಣುವಷ್ಟು ಎತ್ತಿದರೆ ಸಾಕು ಎಂದು ತಾನೇ ಕುರ್ಚಿಯಲ್ಲಿ ಕೂತು ಪಂಚೆಯಲ್ಲಿ ಮಾಡಿ ತೋರಿಸಿದ. ಆ ಮನೆಯ ಹೆಂಗಸರು ನಕ್ಕು ನಕ್ಕು ಸುಸ್ತಾಗಿ, ಅವರಲ್ಲಿ ಒಬ್ಬಳು ಒಪ್ಪಿಕೊಂಡಳು.

ಮೊದಲ ಮಾತಿಗೇ ಒಪ್ಪಿದವಳು ಅಂಗನವಾಡಿಯಲ್ಲಿ ಅಡಿಗೆ ಮಾಡುವ ಜ್ಞಾನಮ್ಮ ಒಬ್ಬಳೇ. ಗಂಡ ಸತ್ತು ಹತ್ತಾರು ವರ್ಷಗಳಾಗಿದ್ದವು. "ಕಾಲುಂಗುರ ತೆಗೆದ ಮೇಲೆ ಈ ಕಾಲಿನ ಕಡೆ ಯಾರೂ ನೋಡಿಲ್ಲ ಚೌರಣ್ಣ" ಎಂದಳು. "ಸ್ವಾಮಿಗಳು ನೋಡ್ಲಿ ಬಿಡಿ." ಆವತ್ತು ಚೌರಪ್ಪ ಸೈಕಲ್ಲು ಹತ್ತದೆ ತಳ್ಳಿಕೊಂಡೇ ಮನೆಗೆ ಬಂದ.

ಅಂತೂ ಐದು ಜನ ಆದರು. ಆರನೆಯವಳು ಸಿಗಲಿಲ್ಲ. ಪವಿತ್ರ ವಾರಕ್ಕೆ ಇನ್ನು ಎರಡೇ ವಾರವಿರುವಾಗ ಅವನು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದ. ಶೀಲಾ ವಿದ್ಯಾನಗರದಲ್ಲಿ ಮನೆ ಮಾಡಿಕೊಂಡು ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದಳು.

"ನಂಗೆ ಗುರುವಾರ ಡ್ಯೂಟಿ ಇದೆ ಅಪ್ಪ. ಆಗಲ್ಲ" ಎಂದಳು. "ಅದ್ಸರಿ, ಅಮ್ಮನ್ನ ಕೇಳಿದ್ರಾ?"

"ನಿಮ್ಮಮ್ಮನ್ನಾ?"

"ಯಾಕೆ, ಅಮ್ಮಂಗೆ ಕಾಲಿಲ್ವಾ?"

ವಾಪಸ್ ಬರುವ ಬಸ್ಸಿನಲ್ಲಿ ಚೌರಪ್ಪ ಕಿಟಕಿ ಪಕ್ಕ ಕೂತು ಹೆಂಡತಿಯ ಪಾದ ಹೇಗಿದೆ ಎಂದು ನೆನಪು ಮಾಡಿಕೊಳ್ಳಲು ನೋಡಿದ. ರಾಯಪ್ಪನ ಹೆಬ್ಬೆರಳು ಎಡಕ್ಕೆ ವಾಲಿರುವುದು ಕಣ್ಣಿಗೆ ಕಟ್ಟಿದ ಹಾಗಿತ್ತು. ಊರಿನ ಅರ್ಧ ಜನರ ಹಿಮ್ಮಡಿ ಅವನಿಗೆ ಗೊತ್ತಿತ್ತು. ಲೂರ್ದಮ್ಮನ ಪಾದ ಮಾತ್ರ ಎಷ್ಟು ಹೊತ್ತಾದರೂ ಕಣ್ಣ ಮುಂದೆ ಬರಲಿಲ್ಲ.

ಮನೆಗೆ ಬಂದಾಗ ಆಕೆ ನಡುಮನೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಲೂರ್ದು, ಐದು ಜನ ಆಗಿದಾರೆ. ಆರನೇದಕ್ಕೆ ನೀನು ಕೂತ್ಕೋ."

"ಊರಲ್ಲಿ ಯಾರೂ ಸಿಗ್ಲಿಲ್ಲ ಅಂತ ನಾನಾ?"

"ಹಂಗಲ್ಲ ಮಾರಾಯ್ತಿ. ನೀನು ಮನೇಲೇ ಇದೀಯಲ್ಲ, ಯಾವಾಗ ಬೇಕಾದ್ರೂ ಕೇಳ್ಬೋದು ಅಂತ."

"ನಲವತ್ತು ವರ್ಷದಿಂದ ಮನೇಲೇ ಇದೀನಿ. ಕೇಳೋಕೆ ಇವತ್ತು ಹೊತ್ತಾಯ್ತಾ?" ಲೂರ್ದಮ್ಮ ಒಂದು ಬೀಜ ತೆಗೆದು ತಟ್ಟೆಗೆ ಹಾಕಿದಳು. "ನನ್ನ ಕಾಲು ತೊಳೆಯೋಕೆ ಫಾದರ್ ಯಾಕೆ ಬೇಕು? ಮೊದ್ಲು ಮನೇಲಿ ನೀವು ತೊಳೀರಿ. ಚರ್ಚಿನ ಮಾತು ಆಮೇಲೆ."

ಚೌರಪ್ಪ ತಮಾಷೆ ಎಂದುಕೊಂಡು ನಕ್ಕ. ಆಕೆ ನಗಲಿಲ್ಲ.

"ತಲೆಗಿಲೆ ಕೆಟ್ಟಿದ್ಯಾ ನಿಂಗೆ? ಹೆಂಡ್ತಿ ಕಾಲು ಗಂಡ ತೊಳೀತಾನಾ? ಯಾರಾದ್ರೂ ನೋಡಿದ್ರೆ ಏನಂತಾರೆ?"

"ಗಂಡಂದು ಹೆಂಡ್ತಿ ತೊಳೆದ್ರೆ ಯಾರೂ ಏನೂ ಅನ್ನಲ್ಲ, ಅಲ್ವಾ? ಕಾರ್ಖಾನೇಲಿ ನಿಮ್ಮ ಕಾಲ ಮೇಲೆ ಕುದಿಯೋ ಕಬ್ಬಿಣ ಸಿಡಿದಾಗ ಎಷ್ಟು ತಿಂಗಳು ತೊಳೆದೆ ನಾನು? ಕೀವು ಒರೆಸಿ, ಬಟ್ಟೆ ಕಟ್ಟಿ. ನೀವು ಗೋಡೆ ಕಡೆ ಮುಖ ಮಾಡ್ಕೊಂಡು ಮಲಗ್ತಿದ್ರಿ. ಆಯ್ತಾ ಅಂತ ಕೇಳೋರು, ಅಷ್ಟೇ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಕಷ್ಟವಾದದ್ದು. "ಹೋಗ್ಲಿ, ನನ್ನ ಬಲಗಾಲಲ್ಲಿ ಏನಿದೆ ಹೇಳಿ ನೋಡೋಣ."

ಚೌರಪ್ಪ ಆಕೆಯ ಸೀರೆಯ ಅಂಚಿನ ಕಡೆ ನೋಡಿದ. ಕಾಲು ಮಡಚಿ ಒಳಗೆ ಹೋಗಿತ್ತು. ಅವನು ಎದ್ದು ಹೊರಗೆ ನಡೆದ.

ನಾಲ್ಕೈದು ದಿನ ಇಬ್ಬರ ನಡುವೆ ಊಟ, ಕಾಫಿ, ನೀರು ಬಂತಾ ಎನ್ನುವಷ್ಟೇ ಮಾತು. ಚೌರಪ್ಪ ಆರನೆಯವಳಿಗಾಗಿ ಮತ್ತೆ ಬೀದಿ ಸುತ್ತಿದ. ಆದರೆ ಎಂದಿನ ಮಾತು ಬಾಯಿಗೆ ಬರುತ್ತಿರಲಿಲ್ಲ. 'ಕಾಲು ಕೊಡೋಕೆ ಮನಸ್ಸು ಬೇಕು' ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದ. ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆ ಓದುವವನು ಅವನೇ. ಹದಿನಾಲ್ಕು ಸ್ಥಳಗಳನ್ನೂ ಗಟ್ಟಿ ದನಿಯಲ್ಲಿ, ಹಿಂದಿನ ಬೆಂಚಿಗೆ ಕೇಳುವ ಹಾಗೆ ಓದುತ್ತಿದ್ದವನು. ಆವತ್ತು, ದಾರಿಯಲ್ಲಿ ಒಬ್ಬ ಹೆಂಗಸು ಯೇಸುವಿನ ಮುಖದ ಬೆವರು ನೆತ್ತರು ಒರೆಸಿದ ಆರನೆಯ ಸ್ಥಳಕ್ಕೆ ಬಂದಾಗ ಎರಡು ಸಾಲು ಬಿಟ್ಟು ಓದಿದ. ಅಲ್ಲಿಯವರೆಗೆ ಅವನು ಆ ಸ್ಥಳದಲ್ಲಿ ಒರೆಸಿಸಿಕೊಂಡವನನ್ನೇ ನೋಡಿದ್ದ. ಒರೆಸಿದವಳು ಮನೆಗೆ ಹೋದ ಮೇಲೆ ಅವಳನ್ನು ಯಾರು ಕೇಳಿದರು ಎಂದು ಯೋಚಿಸಿರಲಿಲ್ಲ.

ಮಾರನೇ ದಿನ ಟೀ ಅಂಗಡಿಯಲ್ಲಿ ಧರ್ಮಪ್ಪನ ಹತ್ತಿರ ಬಾಯಿ ಬಿಟ್ಟ.

"ಏ ಧರ್ಮಪ್ಪ, ನೀನು ನಿನ್ನ ಹೆಂಡ್ತಿ ಕಾಲು ತೊಳೀತೀಯೇನೋ?"

"ಬೆಳಗ್ಗೇನೇ ಏನ್ ಕುಡಿದಿದೀಯೋ?" ಎಂದ ಧರ್ಮಪ್ಪ. ವಿಷಯವೆಲ್ಲ ಕೇಳಿದ ಮೇಲೆ ಟೀ ನೆತ್ತಿಗೆ ಹತ್ತುವಷ್ಟು ನಕ್ಕ. "ನಮ್ಮಲ್ಲಿ ಮದುವೇಲಿ ಮಾವ ಅಳಿಯನ ಕಾಲು ತೊಳೀತಾನೆ, ಅಲ್ಲಿಗೆ ಮುಗೀತು. ಅಳಿಯ ಆ ನೀರು ಆರೋವರೆಗೂ, ಅಂದ್ರೆ ಸಾಯೋವರೆಗೂ, ಕಾಲ ಮೇಲೆ ಕಾಲು ಹಾಕ್ಕೊಂಡೇ ಕೂತಿರ್ತಾನೆ. ನಾನಂತೂ ತೊಳಿಯಲ್ಲಪ್ಪ."

"ಅದನ್ನೇ ನಾನೂ ಹೇಳಿದ್ದು."

"ಆದ್ರೆ ಒಂದು ತಿಳ್ಕೋ." ಧರ್ಮಪ್ಪ ಲೋಟ ಕೆಳಗಿಟ್ಟ. "ನಾನು ಕಾಲು ಕೊಡಿ ಕಾಲು ಕೊಡಿ ಅಂತ ಮನೆಮನೆ ತಿರುಗಲ್ಲ."

ಗರಿಗಳ ಭಾನುವಾರ ಬಂದು ಹೋಯಿತು. ಈಚಲ ಗರಿ ಹಿಡಿದು ಹಾಡುತ್ತ ಮೆರವಣಿಗೆಯಲ್ಲಿ ಬಂದವರಲ್ಲಿ ಚೌರಪ್ಪನೂ ಇದ್ದ. ಫಾದರ್ ಎಡ್ವಿನ್ ಎದುರಾಗಿ "ಹನ್ನೆರಡೂ ಆಯ್ತಾ?" ಅಂದರು. "ಆಯ್ತು ಅಂತ ಇಟ್ಕಳಿ ಫಾದರ್" ಅಂದುಬಿಟ್ಟ. ಬಾಯಿಂದ ಹೊರಬಿದ್ದ ಮೇಲೆ ಅವನಿಗೆ ಒಂದು ಥರದ ಹಗುರವೇ ಆಯಿತು. ಹೇಳಿಯಾದ ಮೇಲೆ ಮಾಡಬೇಕು. ಅವನು ಬದುಕಿದ್ದೇ ಹಾಗೆ.

ಬುಧವಾರ ಊಟವಾದ ಮೇಲೆ ಲೂರ್ದಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆದು ಕಲ್ಲಿನ ಮೇಲೆ ಕೂತಿದ್ದಳು. ಚೌರಪ್ಪ ಒಂದು ಬಕೆಟ್ ನೀರು, ಚೊಂಬು, ಸೋಪು ತಂದು ಆಕೆಯ ಮುಂದಿಟ್ಟ. ಪಂಚೆ ಎತ್ತಿ ಮಡಚಿ ಕಟ್ಟಿ ಕುಕ್ಕರುಗಾಲಲ್ಲಿ ಕೂರುವಾಗ ಎರಡೂ ಮಂಡಿ ಲಟಕ್ ಎಂದವು.

"ಕೊಡು."

ಲೂರ್ದಮ್ಮ ಅವನ ಮುಖ ನೋಡಿದಳು. ಬಲಗಾಲು ಮುಂದಿಟ್ಟಳು. ಅವನು ಒಂದು ಚೊಂಬು ನೀರು ಹುಯ್ದ ಕೂಡಲೇ ಕಾಲು ಸರಕ್ಕನೆ ಹಿಂದಕ್ಕೆ ಹೋಯಿತು.

"ಅಯ್ಯೋ ದೇವ್ರೇ! ಕೋಳಿ ಪುಕ್ಕ ಕೀಳೋಕೆ ಕಾಯ್ಸಿದ್ರಾ ಇದನ್ನ?"

ತಣ್ಣೀರು ಬೆರೆಸಿದ್ದಾಯಿತು. ಕಾಲು ಮತ್ತೆ ಬಂತು. ಹಿಮ್ಮಡಿ ಬೇಸಿಗೆಯ ಕೆರೆಯ ಹಾಗೆ ಒಡೆದಿತ್ತು. ಕಾಲುಂಗುರ ಕೂತ ಕಡೆ ಬೆರಳು ಸವೆದು ಸಣ್ಣಗಾಗಿತ್ತು. ಅವನು ಸೋಪು ಹಚ್ಚಿ ಉಜ್ಜುತ್ತ ಅಂಗಾಲಿನಲ್ಲಿ ಒಂದು ಗೆರೆಯ ಮೇಲೆ ಬೆರಳು ನಿಲ್ಲಿಸಿದ. ಹಳೆಯ ಗಾಯ, ಉದ್ದಕ್ಕೆ ಕುಯ್ದದ್ದು.

"ಇದ್ಯಾವಾಗ ಆಯ್ತು?"

"ನಿಮ್ಮಮ್ಮ ಸತ್ತ ದಿನ. ಯಾರೋ ಲೋಟ ಒಡೆದಿದ್ರು, ಗಾಜು ಹೊಕ್ತು."

"ಹೇಳ್ಲೇ ಇಲ್ವಲ್ಲ."

"ಅವತ್ತು ಯಾರಿಗೆ ಹೇಳ್ಲಿ? ನೆಂಟರಿಗೆಲ್ಲ ಅಡಿಗೆ ಆಗ್ಬೇಕಿತ್ತು."

ಚೌರಪ್ಪ ಆ ಗೆರೆಯನ್ನು ಇನ್ನೊಂದು ಸಲ ತೊಳೆದ. ಅಷ್ಟರಲ್ಲಿ, ಅವನು ಹೆದರಿದ್ದ ಹಾಗೆಯೇ, ಬೇಲಿಯ ಆಚೆ ಬಂಗಾರಮ್ಮನ ತಲೆ ಕಾಣಿಸಿತು. ಧರ್ಮಪ್ಪನ ಹೆಂಡತಿ ಸೊಪ್ಪು ಕೇಳಿಕೊಂಡು ಹಿತ್ತಿಲ ದಾರಿಯಲ್ಲಿ ಬಂದಿದ್ದಳು.

"ಏನೇ ಲೂರ್ದು, ಕಾಲು ಉಳುಕ್ತಾ?"

"ನಂಗೇನೂ ಆಗಿಲ್ಲ ಕಣೆ. ಇವ್ರಿಗೇ ಏನೋ ಆಗಿದೆ."

ಬಂಗಾರಮ್ಮ ಬಾಯಿಗೆ ಸೆರಗು ಹಿಡಿದುಕೊಂಡು ನಿಂತಳು. ಚೌರಪ್ಪನಿಗೆ ಕಿವಿ ಬಿಸಿಯಾಯಿತು. ಏಳಬಹುದಿತ್ತು, ಬಿದ್ದ ಉಂಗುರ ಹುಡುಕುತ್ತಿದ್ದೆ ಅನ್ನಬಹುದಿತ್ತು. ಏಳಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಆ ಕಾಲು ಒರೆಸಿ ಕಲ್ಲಿನ ಮೇಲಿಟ್ಟು, ಎಡಗಾಲಿಗೆ ಕೈ ಚಾಚಿದ.

"ಬಲಗಾಲು ಮಾತ್ರ ಅಲ್ವಾ ಪದ್ಧತಿ?" ಎಂದಳು ಲೂರ್ದಮ್ಮ.

"ಅದು ಚರ್ಚಲ್ಲಿ. ಇದು ಮನೆ. ಕೊಡು."

ಗುರುವಾರ ಸಂಜೆ ಚರ್ಚು ತುಂಬಿತ್ತು. ಮಹಿಮಾ ಗೀತೆಗೆ ಗಂಟೆಗಳೆಲ್ಲ ಒಟ್ಟಿಗೆ ಬಾರಿಸಿ ನಿಂತವು. ಇನ್ನು ಶನಿವಾರ ರಾತ್ರಿಯ ಪಾಸ್ಕ ಜಾಗರಣೆಯವರೆಗೆ ಗಂಟೆಗೆ ಮೌನ. ಪ್ರಸಂಗ ಮುಗಿಸಿ ಫಾದರ್ ಎಡ್ವಿನ್ ಮೇಲಿನ ಪೂಜಾವಸ್ತ್ರ ತೆಗೆದಿಟ್ಟು ಸೊಂಟಕ್ಕೆ ಟವೆಲ್ ಸುತ್ತಿಕೊಂಡರು. ಹಾಡು ಶುರುವಾಯಿತು. ಚೌರಪ್ಪ ಬದಿಯಲ್ಲಿ ನಿಂತು ಕೈ ಸನ್ನೆ ಮಾಡಿದ. ರಾಯಪ್ಪನನ್ನು ಮುಂದಿಟ್ಟುಕೊಂಡು ಆರು ಗಂಡಸರು ಬಂದು ಕೂತರು. ಜ್ಞಾನಮ್ಮ ಎದ್ದಳು. ಚರ್ಚಿನೊಳಗೆ ಒಂದು ಸಣ್ಣ ಗುಜುಗುಜು ಎದ್ದು, ಆಕೆ ತಲೆಯೆತ್ತಿ ನಡೆದು ಬಂದ ರೀತಿಗೆ ತಾನಾಗಿಯೇ ಅಡಗಿತು. ಆಕೆಯ ಹಿಂದೆ ಇನ್ನು ನಾಲ್ವರು. ಕೊನೆಯ ಕುರ್ಚಿ ಖಾಲಿ ಉಳಿಯಿತು.

ಲೂರ್ದಮ್ಮ ಹೆಂಗಸರ ಕಡೆ ನಾಲ್ಕನೇ ಬೆಂಚಿನಲ್ಲಿ ಹಾಡಿನ ಪುಸ್ತಕ ಹಿಡಿದು ಹಾಡುತ್ತಿದ್ದಳು. ಚೌರಪ್ಪ ಗಂಟಲು ಸರಿಮಾಡಿಕೊಂಡ. ಆಕೆ ನೋಡಲಿಲ್ಲ. ಫಾದರ್ ರಾಯಪ್ಪನ ಮುಂದೆ ಮಂಡಿಯೂರಿದ್ದರು. ಚೌರಪ್ಪ ಗೋಡೆಯ ಪಕ್ಕದಿಂದ ಬಗ್ಗಿ ನಡೆದು ಬೆಂಚಿನ ತುದಿಗೆ ಬಂದ.

"ಏಳೇ. ನಿಂದೇ ಕುರ್ಚಿ ಖಾಲಿ ಇರೋದು."

"ನಂದಾಯ್ತು."

"ಆಯ್ತು ಅಂದ್ರೆ?"

"ನಿನ್ನೆ ಆಯ್ತಲ್ಲ. ಎರಡೂ ಕಾಲು."

"ಲೂರ್ದು, ಆಟ ಆಡ್ಬೇಡ. ಕಮಿಟಿಯವರು ನೋಡ್ತಿದಾರೆ. ಒಂದು ಕುರ್ಚಿ ಖಾಲಿ ಬಿದ್ರೆ ಮುಗೀತು. ಆರು ಜನ ಹೆಂಗಸರು ಅಂತ ಮಾತು ಕೊಟ್ಟಿದೀನಿ."

"ಐದು ಜನ ಬಂದಿದಾರಲ್ಲ, ಅಷ್ಟೇ ದೊಡ್ಡದು. ಮಾತು ಒಂದು ಕಮ್ಮಿ ಆದ್ರೆ ಆಗ್ಲಿ." ಆಕೆ ಪುಸ್ತಕದಿಂದ ಕಣ್ಣೆತ್ತಿದಳು. "ಕುರ್ಚಿ ಯಾಕೆ ಖಾಲಿ ಬೀಳುತ್ತೆ? ಈ ಚರ್ಚಲ್ಲಿ ಇಷ್ಟು ವರ್ಷದಿಂದ ಕಾಲು ಕೊಡದೇ ಇರೋರು ಒಬ್ರು ಇದಾರೆ. ಹೋಗಿ ಕೂತ್ಕಳಿ."

ಪಕ್ಕದ ಹೆಂಗಸರು ಹಾಡು ಬಿಟ್ಟು ಕೇಳಿಸಿಕೊಳ್ಳುತ್ತಿದ್ದರು. ಮೇಸ್ತ್ರಿಯ ಮಾತು ಚೌರಪ್ಪನ ನಾಲಿಗೆಯವರೆಗೆ ಬಂತು, ಹೊರಗೆ ಬರಲಿಲ್ಲ. ಅವನು ಹಿಂದಿರುಗಿದ. ನಡುದಾರಿಯಲ್ಲಿ ಚಪ್ಪಲಿ ಹೊರಗೇ ಬಿಟ್ಟಿದ್ದೇನೆ ಎಂದು ಗೊತ್ತಿದ್ದರೂ ಒಂದು ಸಲ ಕಾಲಿನ ಕಡೆ ನೋಡಿಕೊಂಡ. ದಿನವಿಡೀ ಕುರ್ಚಿ, ಬೇಸಿನ್ನು, ಮೇಜು ಎಂದು ಚರ್ಚಿನ ಅಂಗಳದಲ್ಲಿ ಓಡಾಡಿ ಪಾದವೆಲ್ಲ ಕೆಂಪು ಧೂಳಾಗಿತ್ತು. ಹೋಗಿ ಹನ್ನೆರಡನೆಯ ಕುರ್ಚಿಯಲ್ಲಿ ಕೂತ.

ಫಾದರ್ ಒಬ್ಬೊಬ್ಬರನ್ನೇ ಮುಗಿಸಿಕೊಂಡು ಬರುತ್ತಿದ್ದರು. ಜ್ಞಾನಮ್ಮನ ಕಾಲು ಒರೆಸುವಾಗ ಆಕೆ ಕಣ್ಣು ಮುಚ್ಚಿದ್ದಳು. ಇಷ್ಟು ವರ್ಷ ಬದಿಯಲ್ಲಿ ನಿಂತು ಇದನ್ನೆಲ್ಲ ನೋಡಿದ್ದರೂ, ಕುರ್ಚಿಯ ಮೇಲಿಂದ ಇದು ಹೀಗೆ ಕಾಣುತ್ತದೆಂದು ಚೌರಪ್ಪನಿಗೆ ಗೊತ್ತಿರಲಿಲ್ಲ. ಕೈಗೆ ಏನೂ ಕೆಲಸವಿಲ್ಲ. ಯಾರಿಗೂ ಏನೂ ಹೇಳುವ ಹಾಗಿಲ್ಲ. ಬರುವುದನ್ನು ಕಾಯುತ್ತ ಕೂರಬೇಕು, ಅಷ್ಟೇ. ಕುದಿಯುವ ಕಬ್ಬಿಣದ ಎದುರು ನಿಂತಾಗಲೂ ಅವನ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ.

ಫಾದರ್ ಎಡ್ವಿನ್ ಅವನ ಮುಂದೆ ಮಂಡಿಯೂರಿ ಮೇಲೆ ನೋಡಿದರು. ಅವರ ಮುಖದಲ್ಲಿ ಆಶ್ಚರ್ಯ ಬಂದು, ಅದು ನಗುವಾಗುವಷ್ಟರಲ್ಲಿ ಅವರು ತಲೆ ಬಗ್ಗಿಸಿದರು.

"ಆರು ಅಂದಿದ್ದೆ ಫಾದರ್, ಐದೇ ಆಯ್ತು" ಎಂದು ಚೌರಪ್ಪ ಪಿಸುಗುಟ್ಟಿದ.

"ಹನ್ನೆರಡು ಆಯ್ತಲ್ಲ" ಎಂದರು ಫಾದರ್. ಅವನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ನೀರು ಹುಯ್ದರು. ಧೂಳು ಕೆಂಪಗೆ ಕರಗಿ ಬೇಸಿನ್ನಿಗೆ ಇಳಿಯಿತು. ಕಾಲು ಎತ್ತಲು ನೋಡಿದರು, ಏಳಲಿಲ್ಲ. ಮರದ ಕೊರಡಿನ ಹಾಗೆ ಬಿಗಿದು ನಿಂತಿತ್ತು.

"ಚೌರಪ್ಪನವ್ರೇ, ಭಾರ ನನ್ನ ಕೈಗೆ ಬಿಡಿ."

ಚೌರಪ್ಪ ಹೆಂಗಸರ ಕಡೆ ನೋಡಿದ. ಮುಂದಿನವರ ತಲೆ ಅಡ್ಡ ಬರುತ್ತದೆಂದು ಲೂರ್ದಮ್ಮ ಎದ್ದು ನಿಂತಿದ್ದಳು. ಪುಸ್ತಕ ಮುಚ್ಚಿಹೋಗಿತ್ತು, ಆದರೂ ಹಾಡುತ್ತಿದ್ದಳು. ಅವನು ಒಂದು ಉಸಿರು ಹೊರಗೆ ಬಿಟ್ಟು, ಕಾಲಿನ ಭಾರವನ್ನೆಲ್ಲ ಫಾದರ್ ಕೈಗೆ ಬಿಟ್ಟ.